ಎರಡೂವರೆ ಬಿಎಚ್‌ಕೆಯ ಆ ಅರ್ಧ

ಕಳೆದ ಒಂದು ವರ್ಷದಲ್ಲಿ ನಾನು ಓದಿದ ಪುಟಗಳಲ್ಲಿ ಅರ್ಧಕ್ಕರ್ಧ ಫ್ಲಾಟ್ ಮಾರುವ ಬ್ರೋಷರ್‌ಗಳವು. ಬೆಂಗಳೂರಲ್ಲಿ ಮನೆ ಹುಡುಕುವವರಿಗೆ ಇದು ತಪ್ಪಿದ್ದಲ್ಲ. ವೈಟ್‌ಫೀಲ್ಡಿನಿಂದ ಕನಕಪುರ ರಸ್ತೆಯವರೆಗೆ ಯಾವ ಸೈಟಿಗೆ ಹೋದರೂ ಮೊದಲು ಒಂದು ಕಪ್ ಕಾಫಿ, ಆಮೇಲೆ ದಪ್ಪ ಕಾಗದದ ಒಂದು ಪುಸ್ತಕ ಕೈಗೆ ಬರುತ್ತೆ. ಎಪ್ಪತ್ತು ಪುಟದ ಕವನ ಸಂಕಲನಕ್ಕೂ ನಮ್ಮಲ್ಲಿ ವಿಮರ್ಶೆ ಬರೆಯುವವರು ಇದ್ದಾರೆ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿಸುವ ಪುಸ್ತಕಕ್ಕೆ ಯಾರೂ ಇಲ್ಲ ಅಂದ್ರೆ ಹೇಗೆ?

ಕೋವಿಡ್‌ಗೆ ಮುಂಚಿನ ಕೆಲವು ಬ್ರೋಷರ್‌ಗಳು ಗೆಳೆಯನೊಬ್ಬನ ಹತ್ತಿರ ಉಳಿದಿದ್ದವು. ಅವನ್ನೂ ಈಗಿನವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ಮೊದಲ ಪುಟವೇ ಈಜುಕೊಳ. ಆಮೇಲೆ ಕ್ಲಬ್ ಹೌಸು, ಟೆಕ್ ಪಾರ್ಕಿಗೆ ಎಷ್ಟು ನಿಮಿಷ, ಏರ್‌ಪೋರ್ಟಿಗೆ ಎಷ್ಟು ನಿಮಿಷ. ಅಂದರೆ ಮನೆಯಿಂದ ಹೊರಗೆ ಹೋಗೋದು ಎಷ್ಟು ಸುಲಭ ಅನ್ನೋದೇ ಮನೆಯ ಗುಣ. ಹೊಸದರಲ್ಲಿ ಜನ ಒಳಗೆ ಬಂದು ಕೂತಿದ್ದಾರೆ. ಬಾಲ್ಕನಿಯಲ್ಲಿ ಗಿಡ, ಗಿಡದ ಪಕ್ಕ ಕುರ್ಚಿ, ಕಿಟಕಿ ಪಕ್ಕ ಲ್ಯಾಪ್‌ಟಾಪು. 'ಎರಡು ಬಿಎಚ್‌ಕೆ' ಇದ್ದದ್ದು 'ಎರಡೂವರೆ' ಆಗಿದೆ. ಎರಡೂವರೆ ಮೊದಲು ಇರಲೇ ಇಲ್ಲ ಅಂತಲ್ಲ. ಆಗ ಆ ಅರ್ಧಕ್ಕೆ ದೇವರು, ಅಕ್ಕಿ ಮೂಟೆ, ಊರಿಂದ ಬಂದ ನೆಂಟರು ಹೀಗೆ ಹಲವು ವಾರಸುದಾರರು. ಈಗ ಅದಕ್ಕೆ 'ಹೋಮ್ ಆಫೀಸ್' ಅಂತ ನಾಮಕರಣವಾಗಿ, ಅದೇ ಇಡೀ ಪುಸ್ತಕದ ನಾಯಕ.

ಸಾಂಕ್ರಾಮಿಕ ಮನೆಯ ವಿನ್ಯಾಸವನ್ನೇ ಬದಲಿಸಿತು ಅಂತ ಈ ಪುಸ್ತಕಗಳು ಹೇಳಿಕೊಳ್ಳುತ್ತವೆ. ಬದಲಿಸೋದು ಅಂದರೇನು ಅಂತ ತಿಳಿಯಲಿಕ್ಕೆ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. 1898ರಲ್ಲಿ ಇಲ್ಲಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಅದಕ್ಕೆ ಕೆಲವು ವರ್ಷ ಮೊದಲೇ ಯೋಜನೆಯಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಪ್ಲೇಗಿನ ಭಯದಿಂದ ಚುರುಕಾಯಿತು. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಬಿಟ್ಟ ಜಾಗ, ಮನೆಗಳ ಬೆನ್ನಿಗೆ ಕಸ-ಕೊಳೆ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ. ಮಲ್ಲೇಶ್ವರದಲ್ಲಿ ಆ ಗಲ್ಲಿಗಳು ಈಗಲೂ ಇವೆ. ಹಾಗಂತ ಅದನ್ನು ಸುವರ್ಣಯುಗ ಅನ್ನಬೇಕಾಗಿಲ್ಲ, ಅಲ್ಲಿ ಬ್ಲಾಕುಗಳು ಹಂಚಿಕೆಯಾದದ್ದು ಜಾತಿ-ಮತದ ಲೆಕ್ಕದಲ್ಲಿ. ಆದರೆ ರೋಗ ಬಂದು ಹೋದ ಗುರುತು ರಸ್ತೆಯ ಅಗಲದಲ್ಲಿ, ಎರಡು ಮನೆಗಳ ನಡುವಿನ ಖಾಲಿ ಜಾಗದಲ್ಲಿ ಉಳಿಯಿತು. ಗಾಳಿ ಬೇಕು ಅಂತ ಗೊತ್ತಾದಾಗ ಗಾಳಿಗೆ ಅಂತಲೇ ನೆಲ ಬಿಟ್ಟರು.

ಕೋವಿಡ್ಡಿನ ಗುರುತು ಎಲ್ಲಿ ಉಳಿದಿದೆ ಅಂತ ನಾನು ನೋಡಿದ ನಕ್ಷೆಗಳಲ್ಲಿ ಹುಡುಕಿದೆ. ಎದುರುಬದುರು ಟವರುಗಳ ಅಂತರದಲ್ಲಿಲ್ಲ. ಬೆಳಕಿಲ್ಲದ ಉದ್ದ ಕಾರಿಡಾರಿನಲ್ಲಿಲ್ಲ. ಎರಡು ಬಾತ್‌ರೂಮಿನ ಕಿಟಕಿಗಳು ಬಾಯಿ ತೆರೆಯುವ ಡಕ್ಟಿನಲ್ಲಂತೂ ಇಲ್ಲವೇ ಇಲ್ಲ. ಸಿಕ್ಕಿದ್ದು ಆ ಅರ್ಧ ರೂಮಿನಲ್ಲಿ, ಮತ್ತೆ ಅದಕ್ಕೆ ಹಾಕಿದ ಬೆಲೆಯಲ್ಲಿ.

ಅರ್ಧ ರೂಮಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ. ನಾವು ನೋಡಿದ ಒಂದು ಫ್ಲಾಟಿನಲ್ಲಿ ಅದು ಆರು ಅಡಿಗೆ ಏಳೂವರೆ ಅಡಿ, ಅಂದರೆ 45 ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಅದರಲ್ಲಿ ವಾಸದ ಕೋಣೆ ಅಂದರೇನು ಅಂತ ವ್ಯಾಖ್ಯಾನ ಕೊಟ್ಟು, ಮಲಗಲು, ಉಣ್ಣಲು ಇರುವ ಕೋಣೆಯ ಜೊತೆಗೆ ಓದಲು ಇರುವ ಕೋಣೆಯನ್ನೂ ಸೇರಿಸಿದ್ದಾರೆ. ಮನೆಯಲ್ಲಿ ಎರಡು ಕೋಣೆ ಇದ್ದರೆ ಸಣ್ಣದಕ್ಕೆ ಕನಿಷ್ಠ 7.5 ಚದರ ಮೀಟರ್ ಇರಬೇಕು, ಅಗಲ 2.1 ಮೀಟರಿಗೆ ಕಡಿಮೆ ಇರಬಾರದು. 7.5 ಚದರ ಮೀಟರ್ ಅಂದರೆ ಸುಮಾರು 80 ಚದರಡಿ. ನಮ್ಮ 45 ಎಲ್ಲಿ, ಆ 80 ಎಲ್ಲಿ! ಅದಕ್ಕೇ ಇರಬೇಕು, ಬ್ರೋಷರಿನಲ್ಲಿ 'ಸ್ಟಡಿ' ಅಂತಿದ್ದ ಜಾಗ ಮಂಜೂರಾದ ನಕ್ಷೆಯಲ್ಲಿ 'ಸ್ಟೋರ್' ಆಗಿತ್ತು. ಒಂದೇ ಗೋಡೆಗಳು, ಎರಡು ಹೆಸರು. ಕೊಳ್ಳುವವರಿಗೆ ಒಂದು, ಕಚೇರಿಗೆ ಒಂದು.

ಬೆಲೆಗೆ ಬನ್ನಿ. ಸೂಪರ್ ಬಿಲ್ಟ್‌ಅಪ್ಪಿನಲ್ಲಿ ಕಾರ್ಪೆಟ್ ಏರಿಯಾ ನೂರಕ್ಕೆ ಎಪ್ಪತ್ತು ಅಂತ ಇಟ್ಟುಕೊಂಡರೆ ಆ 45 ಚದರಡಿ ಬಿಲ್ಲಿನಲ್ಲಿ 64 ಆಗುತ್ತೆ. ಚದರಡಿಗೆ 9,000 ರೂಪಾಯಿ ಅಂತ ಹಿಡಿದರೆ 5.76 ಲಕ್ಷ. ಶೇಕಡಾ 8.5ರ ಬಡ್ಡಿಗೆ ಇಪ್ಪತ್ತು ವರ್ಷದ ಸಾಲ ಅಂದರೆ ಆ ಅರ್ಧಕ್ಕೇ ತಿಂಗಳಿಗೆ ಸುಮಾರು 5,000 ಕಂತು, ತೀರುವ ಹೊತ್ತಿಗೆ 12 ಲಕ್ಷ. ಆಫೀಸುಗಳು ವಾಪಸ್ ಕರೆದ ಮೇಲೆ ಆ ರೂಮು ಏನಾಗಿದೆ ಅಂತ ಮನೆ ಕೊಂಡ ಗೆಳೆಯರನ್ನು ಕೇಳಿ. ಇಸ್ತ್ರಿ ಟೇಬಲ್ಲು, ಎರಡು ಸೂಟ್‌ಕೇಸು, ಮಡಿಸದ ಬಟ್ಟೆ. ಇಸ್ತ್ರಿ ಟೇಬಲ್ಲಿಗೆ ತಿಂಗಳಿಗೆ ಐದು ಸಾವಿರ ಬಾಡಿಗೆ!

ಆ ದಿನಗಳಲ್ಲಿ ಕೊಂಡವರನ್ನು ದಡ್ಡರು ಅನ್ನಲಾರೆ. 2020ರ ಮೇನಲ್ಲಿ ರೆಪೊ ದರ ಶೇಕಡಾ 4ಕ್ಕೆ ಇಳಿದು ಎರಡು ವರ್ಷ ಅಲ್ಲೇ ಇತ್ತು. ಸಾಲ ಅಗ್ಗ, ಮನೆ ಇಕ್ಕಟ್ಟು, ಬಾಗಿಲು ಹಾಕಿಕೊಳ್ಳಲು ಒಂದು ಜಾಗ ಬೇಕೇ ಬೇಕಿತ್ತು. 2022ರ ಮೇನಿಂದ ದರ ಏರುತ್ತಾ ಹೋಗಿ 2023ರ ಫೆಬ್ರವರಿಗೆ 6.5 ಆಯಿತು. ರೂಮು ಖಾಲಿಯಾಯಿತು, ಕಂತು ಏರಿತು ಅಥವಾ ಕಂತಿನ ವರ್ಷ ಉದ್ದವಾಯಿತು.

ಆದರೆ ನನಗೆ ಹೆಚ್ಚು ಕಾಡುವುದು ಆ ರೂಮಿನೊಳಗೆ ಯಾರು ಕೂತಿದ್ದಾರೆ ಅನ್ನೋದು. ನಾನು ನೋಡಿದ ಬ್ರೋಷರ್‌ಗಳ ಚಿತ್ರದಲ್ಲಿ ಲ್ಯಾಪ್‌ಟಾಪಿನ ಮುಂದೆ ಗಂಡಸು. ಹೆಂಗಸು ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕ್ತಾಳೆ, ಇಲ್ಲವೇ ಮಗುವಿನ ಜೊತೆ ನೆಲದ ಮೇಲೆ ಕೂತಿರ್ತಾಳೆ. ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ, ಯುಗಾದಿಯ ದಿನವೇ. ಹಬ್ಬ ಮುಗಿಸಿಕೊಂಡು ಹೋಗ್ತೀನಿ ಅಂತ ತಿಪಟೂರು ಕಡೆಯ ನಮ್ಮೂರಿಂದ ಬಂದ ಅಮ್ಮ ಬಾಡಿಗೆ ಮನೆಯ ಎರಡನೇ ರೂಮಿನಲ್ಲೇ ಉಳಿಯಬೇಕಾಯಿತು. ಮೊದಲನೇ ರೂಮಿನಲ್ಲಿ ನನ್ನ ಆಫೀಸು. ಹೆಂಡತಿಯ ಆಫೀಸು ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ, ಯಾಕಂದ್ರೆ ಮುಚ್ಚಿಕೊಳ್ಳುವ ಇನ್ನೊಂದು ಬಾಗಿಲು ಮನೆಯಲ್ಲಿ ಇದ್ದದ್ದು ಅಲ್ಲೇ. ನಮ್ಮ ಟೀಮಿನ ಕಾಲ್‌ಗಳಲ್ಲೂ ಇದೇ ಕತೆ. ಗಂಡಸರ ಬೆನ್ನ ಹಿಂದೆ ಬೀರು, ಪುಸ್ತಕದ ಕಪಾಟು. ಹೆಂಗಸರ ಬೆನ್ನ ಹಿಂದೆ ಅಡುಗೆಮನೆಯ ಟೈಲ್ಸು, ಕುಕ್ಕರ್ ಕೂಗಿದ ಕೂಡಲೇ ಮ್ಯೂಟು. ಸಾಂಕ್ರಾಮಿಕ ಮನೆಯ ಬಗ್ಗೆ ಏನಾದರೂ ಕಲಿಸಿದ್ದರೆ ಅದು ಇದು: ಸಂಬಳ ತರುವವರು ಇಬ್ಬರಿದ್ದರೆ ಬಾಗಿಲೂ ಎರಡು ಬೇಕು. ಎರಡೂವರೆ ಬಿಎಚ್‌ಕೆಯ ಪುಸ್ತಕ ಆ ಪಾಠ ಓದಿಯೇ ಇಲ್ಲ. ಒಂದು ಬಾಗಿಲು ಕೊಟ್ಟು ಅದರೊಳಗೆ ಗಂಡಸನ್ನು ಕೂರಿಸಿ ಫೋಟೊ ತೆಗೆದಿದೆ.

ಇನ್ನು ಬಾಲ್ಕನಿ. ಇದರಲ್ಲಿ ನಿಜವಾಗಿ ಸುಧಾರಣೆ ಆಗಿದೆ, ಅದನ್ನು ಹೇಳಲೇಬೇಕು. ಬಟ್ಟೆ ಒಣಹಾಕಲಿಕ್ಕೆ ಮಾತ್ರ ಸಾಕಾಗುತ್ತಿದ್ದ ಬಾಲ್ಕನಿಗಳ ಜಾಗದಲ್ಲಿ ಕೆಲವು ಕಡೆ ಮೂರು ಜನ ಕೂತು ಕಾಫಿ ಕುಡಿಯುವಷ್ಟು ಜಾಗ ಬಂದಿದೆ. ಆದರೆ ಬ್ರೋಷರು ಹೇಳೋದು ವಿಸ್ತೀರ್ಣ, ನೀವು ಕೇಳಬೇಕಾದ್ದು ಆಳ. ನಾಲ್ಕು ಅಡಿ ಆಳದ ಬಾಲ್ಕನಿ ಎಷ್ಟು ಉದ್ದ ಇದ್ದರೂ ರೈಲಿನ ಕಾರಿಡಾರೇ. ಒಬ್ಬರು ಕೂತರೆ ಇನ್ನೊಬ್ಬರು ಅವರ ಕಾಲು ದಾಟಿ ಹೋಗಬೇಕು. ಇನ್ನೊಂದು ವಿಷಯ. ರೇರಾ ಕಾಯ್ದೆಯ ಪ್ರಕಾರ ನಿಮ್ಮ ಸ್ವಂತ ಬಾಲ್ಕನಿ ಕಾರ್ಪೆಟ್ ಏರಿಯಾದಲ್ಲಿ ಸೇರೋದಿಲ್ಲ. ದರ ಮಾತ್ರ ನಮ್ಮ ಕೈಗೆ ಬಂದ ಪಟ್ಟಿಗಳಲ್ಲೆಲ್ಲ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲೇ ಇತ್ತು, ಅದರಲ್ಲಿ ಬಾಲ್ಕನಿಯೂ ಉಂಟು, ಲಿಫ್ಟಿನ ಮುಂದಿನ ಜಾಗದ ಪಾಲೂ ಉಂಟು. ಹಾಗಾಗಿ ಬಾಲ್ಕನಿ ಬೆಳೆದಷ್ಟೂ ಹಣ ಬೆಳೆಯುತ್ತೆ, ರೂಮುಗಳು ಇದ್ದಲ್ಲೇ ಇರ್ತವೆ. ನಾವು ನೋಡಿದ ಒಂದು ಕಡೆಯಂತೂ ಬಾಲ್ಕನಿಗೆ 'ಜಗುಲಿ' ಅಂತಲೇ ಹೆಸರು. ಹದಿನಾಲ್ಕನೇ ಮಹಡಿಯ ಜಗುಲಿ! ಅಲ್ಲಿಗೆ ಬಂದು ಕೂರುವವರು ಪಾರಿವಾಳ ಮಾತ್ರ.

ಜಗುಲಿ ಅಂದ್ರೆ ಏನು ಅಂತ ನನಗೆ ಗೊತ್ತು, ಅಲ್ಲೇ ಮಗ್ಗಿ ಕಲಿತವನು. ಮನೆಯೊಳಗೆ ಬರುವಷ್ಟು ಹತ್ತಿರದವರಲ್ಲ, ಹಾಗೇ ಕಳಿಸುವಷ್ಟು ದೂರದವರೂ ಅಲ್ಲ, ಅಂಥವರು ಕೂರುವ ಜಾಗ ಅದು. ಮಳೆ ಬಂದಾಗ ದಾರಿಹೋಕರು, ಕೊಬ್ಬರಿ ವ್ಯಾಪಾರದವರು, ಲಗ್ನಪತ್ರಿಕೆ ಕೊಡಲು ಬಂದವರು. ಹೊರಗಿನ ಬಚ್ಚಲಲ್ಲಿ ಕೈಕಾಲು ತೊಳೆದು ಒಳಗೆ ಬರೋದು, ಗಾಳಿಯಲ್ಲಿ ಕೂತು ಮಾತಾಡೋದು ಎಲ್ಲ ಅದರಲ್ಲಿತ್ತು. ಆದರೆ ಹಳ್ಳಿ ಮನೆಯನ್ನು ಕೋವಿಡ್‌ಗೆ ಔಷಧಿ ಅಂತ ಬರೆಯುವ ಲೇಖನಗಳನ್ನು ನಾನು ಒಪ್ಪೋದಿಲ್ಲ. ನಮ್ಮ ನಡುಮನೆಯಲ್ಲಿ ಹಗಲಲ್ಲೂ ಲೈಟು ಹಾಕಬೇಕಿತ್ತು. ಒಲೆಯ ಹೊಗೆ ಕುಡಿದು ಅಜ್ಜಿಗೆ ಕೆಮ್ಮು ಹತ್ತಿತ್ತು. ಬಾಗಿಲು ಹಾಕಿಕೊಳ್ಳುವ ರೂಮು ಅಂತ ಹೆಂಗಸರಿಗೆ ಒಂದೂ ಇರಲಿಲ್ಲ. ಮತ್ತೆ ಅದೇ ಜಗುಲಿಯವರೆಗೆ ಮಾತ್ರ ಬರಬಹುದಾದ ಜನ ಊರಲ್ಲಿ ಇದ್ದರು. ಕೂರುವಂತಿರಲಿಲ್ಲ, ನಿಲ್ಲಬೇಕಿತ್ತು.

ಬಾಲ್ಕನಿಗೆ ಜಗುಲಿಯ ಹೆಸರು ಮಾತ್ರ ಬಂತು, ಆ ಕೊನೆಯ ನಿಯಮ ಮನೆಯ ಹಿಂಬಾಗಿಲಿಗೆ ಬಂದಿದೆ. 2020ರಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳು ಮನೆಕೆಲಸದವರನ್ನು ಗೇಟಿನಲ್ಲೇ ನಿಲ್ಲಿಸಿದವು. ರೋಗದ ಭಯ ಇತ್ತು, ಸರಿ. ಈಗ ದೊಡ್ಡ ಫ್ಲಾಟುಗಳ ನಕ್ಷೆಯಲ್ಲಿ ಯುಟಿಲಿಟಿಗೆ ನೇರ ಬರುವ ಬೇರೆ ಬಾಗಿಲು, ಅದರ ಪಕ್ಕ ಕಿಟಕಿ ಇಲ್ಲದ ಪುಟ್ಟ 'ಮೇಡ್ಸ್ ರೂಮ್', ಬೇರೆ ಲಿಫ್ಟು. ಇದೂ ಹಳೆಯ ಅಭ್ಯಾಸವೇ. ಹೊಸದು ಏನು ಅಂದರೆ ನಮಗೆ ಮಾರಿದ ಹುಡುಗ ಅದನ್ನು 'ಹೈಜೀನ್' ಪಟ್ಟಿಯಲ್ಲಿ ಓದಿದ್ದು. ಆರು ತಿಂಗಳ ಭಯಕ್ಕೆ ಅರವತ್ತು ವರ್ಷದ ಗೋಡೆ ಕಟ್ಟುವಾಗ ಸ್ವಲ್ಪ ನಾಚಿಕೆ ಬೇಡವೇ?

ಮಾರುವ ರೀತಿ ಬದಲಾದದ್ದರ ಬಗ್ಗೆ ನನ್ನ ಕಸುಬಿನವರು ಮಾತಾಡದಿದ್ದರೆ ಹೇಗೆ. ಲಾಕ್‌ಡೌನಿನಲ್ಲಿ ಸೈಟಿಗೆ ಹೋಗುವಂತಿರಲಿಲ್ಲ, ವರ್ಚುವಲ್ ಟೂರ್‌ಗಳಿಗೆ ಅದೃಷ್ಟ ಖುಲಾಯಿಸಿತು. ಅಮೆರಿಕದಲ್ಲಿ ಕೂತು ಬೆಂಗಳೂರಲ್ಲಿ ಮನೆ ನೋಡುವವರಿಗೆ ಅದು ಒಳ್ಳೆಯದೇ ಆಯಿತು. ಆದರೆ ಸಾಫ್ಟ್‌ವೇರಿನವರಿಗೆ ಡೆಮೊ ಅಂದರೆ ಏನು ಅಂತ ಹೇಳಿಕೊಡಬೇಕೇ? ಕ್ಯಾಮೆರಾವನ್ನು ಮೂಲೆಯಲ್ಲಿಟ್ಟು ಕೋನ ಅಗಲ ಮಾಡಿದರೆ ಹತ್ತಡಿ ರೂಮು ಕಲ್ಯಾಣ ಮಂಟಪ. 3ಡಿ ಚಿತ್ರದಲ್ಲಿ ಸೂರ್ಯನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಪಕ್ಕದ ಟವರನ್ನು ಒಂದು ಕ್ಲಿಕ್ಕಿನಲ್ಲಿ ಅಳಿಸಬಹುದು. ಒಂದು ಟೂರಿನಲ್ಲಿ ಉತ್ತರದ ಕಿಟಕಿಯಿಂದ ಬಿಸಿಲು ಬಿದ್ದು ಸೋಫಾದ ಮೇಲೆ ಪಟ್ಟೆ ಪಟ್ಟೆ ಹೊಳೆಯುತ್ತಿತ್ತು. ಯಾವ ತಿಂಗಳಲ್ಲಿ ಸಾರ್ ಇದು ಅಂತ ಕೇಳಿದರೆ ಉತ್ತರ ಇಲ್ಲ. 'ಪೂರ್ವಕ್ಕೆ ಬಾಗಿಲು' ಅನ್ನೋದೂ ಹೀಗೇ. ಅಮ್ಮನನ್ನು ಒಂದು ಸೈಟಿಗೆ ಕರೆದುಕೊಂಡು ಹೋಗಿದ್ದೆ. ಮುಂಬಾಗಿಲು ತೆಗೆದ ಕೂಡಲೇ ಎದುರಿಗೆ ಕಾರಿಡಾರು, ಟ್ಯೂಬ್‌ಲೈಟು. "ಇದೇನಪ್ಪಾ, ಪೂರ್ವುಕ್ ಬಾಗ್ಲು ಅಂದ್ರು, ಸೂರ್ಯ ಎಲ್ಲಿ? ಗೋಡೆ ನೋಡ್ಕಂಡು ಕೈ ಮುಗೀಬೇಕಾ?" ಅಂದಳು.

ರೇರಾ ಕಾಯ್ದೆಯ 12ನೇ ಕಲಮಿನಲ್ಲಿ ಒಂದು ಮಾತಿದೆ. ಜಾಹೀರಾತು, ಬ್ರೋಷರು ಅಥವಾ ಮಾದರಿ ಫ್ಲಾಟಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ದುಡ್ಡು ಕಟ್ಟಿದವರಿಗೆ ನಷ್ಟವಾದರೆ ಬಿಲ್ಡರು ಪರಿಹಾರ ಕೊಡಬೇಕು. 13ನೇ ಕಲಮಿನ ಪ್ರಕಾರ ಕರಾರು ನೋಂದಣಿಯಾಗದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಅಂದರೆ ಕಾನೂನಿನ ಕಣ್ಣಲ್ಲಿ ಬ್ರೋಷರು ಬರೀ ಬಣ್ಣದ ಕಾಗದ ಅಲ್ಲ. ಮಂಜೂರಾದ ನಕ್ಷೆ ಕರ್ನಾಟಕ ರೇರಾದ ತಾಣದಲ್ಲಿ ಸಿಗುತ್ತೆ. ನಾನು ಬ್ರೋಷರು ಮತ್ತು ಆ ನಕ್ಷೆಯ ನಡುವೆ ಕೋಡ್ ಡಿಫ್ ನೋಡಿದ ಹಾಗೆ ಸಾಲು ಸಾಲಾಗಿ ನೋಡ್ತೀನಿ. 'ಸ್ಟಡಿ' 'ಸ್ಟೋರ್' ಆದದ್ದು ಸಿಕ್ಕಿದ್ದು ಹಾಗೇ.

ಹೋದ ವಾರ ಇನ್ನೊಂದು ಕಡೆ ಹೋಗಿದ್ದೆವು. ಹೆಂಡತಿ ಮಾದರಿ ಫ್ಲಾಟನ್ನು ಒಂದು ಸುತ್ತು ಹಾಕಿ ಬಂದು ಸೇಲ್ಸ್ ಹುಡುಗನನ್ನು ಕೇಳಿದಳು: "ನಮ್ಮಿಬ್ಬರಿಗೂ ಒಂದೇ ಹೊತ್ತಿಗೆ ಕಾಲ್ ಇದ್ರೆ, ಅತ್ತೆ ಮಲಗಿದ್ರೆ, ನಾನು ಎಲ್ಲಿ ಕೂತ್ಕೋಬೇಕು?"

ಹುಡುಗ ಒಳ್ಳೆಯವನು, ಹಾಸನದ ಕಡೆಯವನಂತೆ. ಸ್ವಲ್ಪ ಯೋಚನೆ ಮಾಡಿ, "ಮೇಡಂ, ಕ್ಲಬ್ ಹೌಸಲ್ಲಿ ಕೋ-ವರ್ಕಿಂಗ್ ಸ್ಪೇಸ್ ಕೊಟ್ಟಿದೀವಲ್ಲ" ಅಂದ.

"ಅದರ ಬಾಗಿಲು?"

"ಗಾಜಿಂದು ಮೇಡಂ."

ಮುಂದಿನ ಸೈಟಿಗೆ ಶನಿವಾರ ಬನ್ನಿ ಅಂತ ಫೋನು ಬಂದಿದೆ. ಶನಿವಾರ ಬೇಡ, ರಜೆ ಹಾಕಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗೋಣ ಅಂತಿದ್ದಾಳೆ ಹೆಂಡತಿ. ಸ್ಟ್ಯಾಂಡಪ್ ಕಾಲ್ ಹೊತ್ತಿಗೆ ಆ ಮನೆಯಲ್ಲಿ ಎಷ್ಟು ಬೆಳಕಿರುತ್ತೆ, ಪಕ್ಕದ ಟವರಿನ ನೆರಳು ಎಲ್ಲಿವರೆಗೆ ಬಂದಿರುತ್ತೆ ಅಂತ ನೋಡಬೇಕಂತೆ. ಅಳತೆ ಟೇಪು ಬ್ಯಾಗಿನಲ್ಲಿದೆ.