ಹಿಂಬರಹವಿಲ್ಲದ ಮಾತು

‘ಸಾಮಾಜಿಕ ಜಾಲ’ವೆಂದೊಡನೆ ಇಂದು ನೆನಪಾಗುವುದು ಮೊಬೈಲು. ಆದರೆ ಸಮಾಜಶಾಸ್ತ್ರದಲ್ಲಿ ಈ ಪರಿಕಲ್ಪನೆಗೆ ನೆಲೆ ಒದಗಿಸಿದವನು ಜೆ. ಎ. ಬಾರ್ನ್ಸ್. ನಾರ್ವೆಯ ದ್ವೀಪವೊಂದರ ಜನಜೀವನವನ್ನು ಕುರಿತು 1954ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಂಧುತ್ವ ಸ್ನೇಹ ಪರಿಚಯಗಳ ಎಳೆಗಳು ಜನರನ್ನು ಹೆಣೆಯುವ ಬಗೆಯನ್ನು ಆತನು ಈ ಹೆಸರಿನಿಂದ ವಿವರಿಸಿದನು. ಹೆಸರು ಹುಟ್ಟುವ ಮೊದಲೇ ಮುಂಬಯಿಯ ಕನ್ನಡಿಗರು ಅಂಥ ಜಾಲದ ಆಶ್ರಯದಲ್ಲಿ ಬದುಕಿದ್ದರು.

1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್ ಇವೆಲ್ಲ ಅದೇ ಅಗತ್ಯದ ಫಲಗಳು. ಇವುಗಳಲ್ಲಿ ಹಲವಕ್ಕೆ ಜಾತಿಯ ಎಲ್ಲೆಯಿದ್ದುದನ್ನು ಮರೆಯಲಾಗದು. ಆದರೂ ಊರಿಂದ ಬಂದ ಹುಡುಗನಿಗೆ ಹೊಟೇಲಿನ ಕೆಲಸವೂ ಮಲಗುವ ಜಾಗವೂ ರಾತ್ರಿಶಾಲೆಯ ಪ್ರವೇಶವೂ ಪರಿಚಿತನೊಬ್ಬನ ಮಾತಿನಿಂದ ದೊರೆಯುತ್ತಿದ್ದವು. ‘ಇವನು ನಮ್ಮವನು’ ಎಂದವನು ಆ ಹುಡುಗನ ನಡತೆಗೂ ಹೊಣೆಯಾಗಬೇಕಿತ್ತು.

ಬ್ಯಾಂಕಿನ ವ್ಯವಹಾರದಲ್ಲಿ ಇದಕ್ಕೆ ಹೋಲಿಕೆಯುಂಟು. ವಿನಿಮಯ ಪತ್ರವನ್ನು ಇನ್ನೊಬ್ಬನಿಗೆ ದಾಟಿಸುವವನು ಅದರ ಬೆನ್ನಿಗೆ ಸಹಿಮಾಡುತ್ತಾನೆ. ಅದೇ ಹಿಂಬರಹ. ಮುಂದೆ ಹಣ ಸಲ್ಲದಿದ್ದರೆ, 1881ರ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಅವನೂ ಉತ್ತರವಾದಿ. ಹಿಂದಿನ ಸಂಘಜೀವನದಲ್ಲಿ ಮಾತಿಗೆ ಇಂಥ ಹಿಂಬರಹವಿತ್ತು.

ಇಂದಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಕೈಯಿಂದ ಕೈಗೆ ದಾಟುತ್ತದೆ, ಸಹಿ ಮಾತ್ರ ಬೀಳುವುದಿಲ್ಲ. ಮುಂಜಾನೆಯ ಹೂವಿನ ಚಿತ್ರ, ಹಬ್ಬದ ಶುಭಾಶಯ, ಯಾರೋ ಬರೆದ ಸುಭಾಷಿತ ಇವುಗಳ ರಾಶಿಯಡಿಯಲ್ಲಿ, ರಕ್ತ ಬೇಕೆಂದು ಡೊಂಬಿವಲಿಯಿಂದ ಬಂದ ಮೊರೆಯೂ ಮಧ್ಯಾಹ್ನದೊಳಗೆ ಹೂತುಹೋದೀತು. ಈ ಹಗುರತನ ಯಾವಾಗಲೂ ನಿರಪಾಯಕಾರಿಯಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯಿಂದ ಕೆರಳಿದ ಗುಂಪು ಯುವಕನೊಬ್ಬನನ್ನು ಕೊಂದಿತು. ಅದೇ ತಿಂಗಳು ಆ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚಾಗಿ ದಾಟಿಸದಂತೆ ಮಿತಿ ಹಾಕುವುದಾಗಿ ಸಾರಿತು. ಎಣಿಕೆಗೆ ಎಲ್ಲೆ ಬಿದ್ದಿತು. ಹೊಣೆ ಹಿಂದಿನಂತೆಯೇ ಯಾರದೂ ಆಗಲಿಲ್ಲ.

ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಸಂಘಗಳ ವೇದಿಕೆಯಲ್ಲಿ ರಾತ್ರಿಶಾಲೆಯ ಚಿಂತೆಗಿಂತ ಹಾರ-ಶಾಲುಗಳ ಸನ್ಮಾನಕ್ಕೆ ಹೆಚ್ಚು ಹೊತ್ತು ಸಲ್ಲತೊಡಗಿದುದು ಮೊಬೈಲು ಬರುವ ಮೊದಲೇ. 2020ರ ಲಾಕ್‌ಡೌನಿನಲ್ಲಿ ಇಂಥ ಗುಂಪುಗಳ ಮೂಲಕವೇ ಅಕ್ಕಿ, ಔಷಧಿಗಳು ಎಷ್ಟೋ ಮನೆಗಳನ್ನು ಮುಟ್ಟಿದವು. ಆಗ ಸಂದೇಶ ಕಳುಹಿಸಿದವರು ಅಕ್ಕಿ ಮುಟ್ಟಿತೇ ಎಂದು ಮರಳಿ ವಿಚಾರಿಸಿದರೆಂಬುದೇ ಮುಖ್ಯ.

ಆದುದರಿಂದ ಗುಂಪುಗಳನ್ನು ಮುಚ್ಚಬೇಕಾಗಿಲ್ಲ. ನೆರವಿನ ಪ್ರತಿಯೊಂದು ಕೋರಿಕೆಗೂ ಸದಸ್ಯನೊಬ್ಬನು ಹೆಸರು ಕೊಟ್ಟು, ಅದು ತೀರುವವರೆಗೆ ಹೊಣೆ ಹೊರುವ ಪದ್ಧತಿಯನ್ನು ಸಂಘಗಳು ರೂಢಿಸಿದರೆ ಸಾಕು. ಪರಿಚಯವೇ ಇಲ್ಲದ ಈ ನಗರಕ್ಕೆ ನಾಳೆ ಬಂದಿಳಿಯುವ ಕನ್ನಡದ ಹುಡುಗನಿಗೆ ಬೇಕಾದುದು ಅಂಥ ಒಂದು ಹೆಸರು.