ಲೆಕ್ಕ ಸರಿಯಿದೆ, ಡೆಬ್ರಿಸ್ ಎಲ್ಲಿ?

ಮುಂಬಯಿಯ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ನಮ್ಮ ಹಿರಿಯರು ಊರು ಬಿಟ್ಟು ಬಂದು, ಹೋಟೆಲು-ಕಚೇರಿಗಳಲ್ಲಿ ದುಡಿದು, ಸಾಲಸೋಲ ಮಾಡಿ ಕೊಂಡ ಪುಟ್ಟ ಮನೆಗಳೂ ಅವುಗಳಲ್ಲಿವೆ. ಪುನರ್ನಿರ್ಮಾಣದ ಮಾತು ಬಂದಾಗ ಸೊಸೈಟಿಯ ಸಭೆಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಚದರಡಿ ಹೆಚ್ಚು ಸಿಗುತ್ತದೆ? ಅಲ್ಲಿಯತನಕ ಬಾಡಿಗೆ ಎಷ್ಟು ಕೊಡುತ್ತಾರೆ? ಒಡೆದ ಮನೆಯ ಇಟ್ಟಿಗೆ, ಕಾಂಕ್ರೀಟು ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ. ಕೇಳಿದರೆ ಸಿದ್ಧ ಉತ್ತರವೊಂದಿದೆ: “ಎಲ್ಲ ಕಂಪ್ಯೂಟರಿನಲ್ಲಿದೆ, ಸಾರ್.” ಆ ಕಂಪ್ಯೂಟರಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಟ್ಟಡದವರಿಗೆ ಈ ತಂತ್ರಾಂಶ ಬೇಕಾದದ್ದು ಸುಮ್ಮನೆ ಅಲ್ಲ. 2016ರ ಫೆಬ್ರವರಿಯಲ್ಲಿ, ದೇವನಾರ್ ಮತ್ತು ಮುಲುಂದ್ ಕಸದ ಮೈದಾನಗಳ ದುಃಸ್ಥಿತಿಯನ್ನು ಕಂಡ ಮುಂಬಯಿ ಉಚ್ಚ ನ್ಯಾಯಾಲಯ ಹೊಸ ಕಟ್ಟಡಗಳ ಅನುಮತಿಗೆ ತಡೆಹಾಕಿತು. ಮರುತಿಂಗಳೇ ಹೊರಬಂದ ಕೇಂದ್ರದ ನಿಯಮಗಳು, ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್‌ಗೂ ಹೆಚ್ಚು ಡೆಬ್ರಿಸ್ ಹೊರಹಾಕುವವರು ಅದನ್ನು ಕಾಂಕ್ರೀಟು, ಮಣ್ಣು, ಉಕ್ಕು-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ನಾಲ್ಕಾಗಿ ಬೇರ್ಪಡಿಸಬೇಕೆಂದು ವಿಧಿಸಿದವು. 2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ಸಡಿಲಿಸಿದಾಗಲೂ, ಡೆಬ್ರಿಸ್ ಗೊತ್ತುಪಡಿಸಿದ ಜಾಗಕ್ಕೇ ಹೋಗಬೇಕೆಂಬ ಷರತ್ತನ್ನು ಹಾಕಿತು, ಬ್ಯಾಂಕ್ ಗ್ಯಾರಂಟಿಯನ್ನೂ ಕೇಳಿತು. 2025ರಲ್ಲಿ ಪ್ರಕಟವಾದ ನಿಯಮಗಳು 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿ, 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳನ್ನು ಆನ್‌ಲೈನ್ ನೋಂದಣಿಯ ವ್ಯಾಪ್ತಿಗೆ ತಂದಿವೆ. ಇಷ್ಟೆಲ್ಲ ಲೆಕ್ಕವನ್ನು ಗುಮಾಸ್ತನ ನೋಟುಬುಕ್ಕು ಹೊರಲಾರದು.

ತಂತ್ರಾಂಶದ ಗುಣವನ್ನು ಮೊದಲು ಹೇಳುವುದು ನ್ಯಾಯ. ಲಾರಿಯ ಪ್ರತಿಯೊಂದು ಖೇಪಿಗೂ ದಿನಾಂಕ, ವಾಹನ ಸಂಖ್ಯೆ, ಚಲನ್, ಕಾಟಾದ ತೂಕ, ಫೋಟೋ, ತಲುಪಬೇಕಾದ ಜಾಗ ಎಲ್ಲವೂ ಒಂದೇ ಸಾಲಿನಲ್ಲಿ ಕೂಡುತ್ತವೆ. ಉದಾಹರಣೆಗೆ, 3,000 ಟನ್ ಡೆಬ್ರಿಸ್ ಬರಬೇಕೆಂದು ಎಂಜಿನಿಯರು ಅಂದಾಜು ಮಾಡಿದ್ದು, ಕೆಲಸ ಮುಗಿದಾಗ ಚಲನ್‌ಗಳ ಮೊತ್ತ 1,900ಕ್ಕೇ ನಿಂತಿತೆನ್ನಿ. ಉಳಿದ 1,100 ಟನ್ ಎಲ್ಲಿ ಎಂಬ ಪ್ರಶ್ನೆ ಪರದೆಯ ಮೇಲೆ ತಾನಾಗಿ ಎದ್ದು ನಿಲ್ಲುತ್ತದೆ. ಇದು ಸಣ್ಣ ಉಪಕಾರವಲ್ಲ.

ಆದರೆ ನಮಗೆ ತೋರಿಸಲಾದ ಒಂದು ತಂತ್ರಾಂಶದಲ್ಲಿ, ಲಾರಿ ಗೇಟು ದಾಟಿದೊಡನೆಯೇ “ವಿಲೇವಾರಿ ಪೂರ್ಣ” ಎಂಬ ಹಸಿರು ಗುರುತು ಮೂಡಿತು. ದೋಷವಿರುವುದು ಇಲ್ಲಿಯೇ. ಹೊರಟದ್ದನ್ನು ತಲುಪಿದ್ದೆಂದು ಬರೆದುಕೊಂಡಂತಾಯಿತು. ತೂಕ ಬರೆಯುವವನು, ಫೋಟೋ ಹಾಕುವವನು, ಸರಿಯೆಂದು ಒಪ್ಪುವವನು ಎಲ್ಲರೂ ಕಳಿಸುವವನ ಕಡೆಯವರೇ. ಒಂದೇ ಫೋಟೋವನ್ನು ಎರಡು ಖೇಪಿಗೆ ಅಂಟಿಸಿದರೂ ಯಂತ್ರ ಬಾಯಿಬಿಡಲಿಲ್ಲ. ಖಾನೆ ತುಂಬಿದೆಯೇ ಎಂದಷ್ಟೇ ಅದು ನೋಡುತ್ತದೆ. ಲಾರಿ ಬರಿದಾದದ್ದೆಲ್ಲಿ ಎಂದು ನೋಡುವುದಿಲ್ಲ. ಚಾಲಕನೊಬ್ಬನನ್ನೇ ಬೈದು ಫಲವಿಲ್ಲ. ಖೇಪಿಗಿಷ್ಟು ಎಂದು ಕೂಲಿ ಗೊತ್ತುಮಾಡಿ, ದೂರದ ಘಟಕಕ್ಕೆ ಟ್ರಾಫಿಕ್ಕಿನಲ್ಲಿ ಹೋಗೆಂದರೆ, ಹತ್ತಿರದ ಖಾಡಿಯೇ ಅವನಿಗೆ ಲಾಭ.

ಖಾಡಿಯ ಅಂಚಿನಲ್ಲಿರುವುದು ಕಾಂಡ್ಲಾ ಕಾಡು. ಕರಾವಳಿಯಿಂದ ಬಂದ ನಮ್ಮವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಡೆಬ್ರಿಸ್ ಸುರಿದರೆ ಉಬ್ಬರದ ನೀರಿನ ದಾರಿ ಕಟ್ಟಿ ಗಿಡ ಸಾಯುತ್ತದೆ, ಮಳೆನೀರು ಹರಿಯುವ ಜಾಗವೂ ಕಿರಿದಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಸೊಂಟಮಟ್ಟದ ನೀರಿನಲ್ಲಿ ಮನೆ ಸೇರಿದವರು ನಮ್ಮಲ್ಲಿ ಅನೇಕರಿದ್ದಾರೆ. ನೀರಿಗೆ ದಾರಿಯಿಲ್ಲದ ಊರಿನ ಪಾಡೇನೆಂದು ಅವರನ್ನೇ ಕೇಳಬಹುದು.

ಹಾಗೆಂದು ಕಂಪ್ಯೂಟರನ್ನು ಬಿಸುಟು ಮತ್ತೆ ನೋಟುಬುಕ್ಕು ಹಿಡಿಯಬೇಕೆಂಬುದು ನಮ್ಮ ವಾದವಲ್ಲ. ಡೆಬ್ರಿಸ್ ಸ್ವೀಕರಿಸಿದ ಘಟಕವೇ ತನ್ನ ಕಾಟಾದ ತೂಕವನ್ನು ದಾಖಲಿಸುವವರೆಗೆ ಖೇಪಿನ ಲೆಕ್ಕ ಮುಗಿಯಕೂಡದು. ಎರಡೂ ಕಡೆಯ ತೂಕದಲ್ಲಿ ದೊಡ್ಡ ಅಂತರ ಕಂಡರೆ ಗುರುತು ಕೆಂಪಾಗಬೇಕು. ಅಂಕಿಯನ್ನು ತಿದ್ದಿದರೆ, ತಿದ್ದಿದವರ ಹೆಸರಿನೊಂದಿಗೆ ಹಳೆಯ ಅಂಕಿಯೂ ಉಳಿಯಬೇಕು. ತಿಂಗಳಿಗೊಮ್ಮೆ ಈ ವರದಿ ಸೊಸೈಟಿಯ ಫಲಕಕ್ಕೆ ಬರಬೇಕು. ಇವು ಕಷ್ಟದ ಕೆಲಸಗಳಲ್ಲ; ಕೇಳುವವರಿಲ್ಲದೆ ಆಗದಿರುವ ಕೆಲಸಗಳು.

ಕೇಳಬೇಕಾದವರು ನಾವೇ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಷರತ್ತುಗಳನ್ನು ಬರೆಸಿಕೊಳ್ಳಲು ಸದಸ್ಯರಿಗೆ ಅವಕಾಶವಿದೆ. ಸಹಿಯಾದ ಮೇಲೆ ನಮ್ಮ ಮಾತಿಗೆ ಅಷ್ಟು ಬಲವಿರದು. ಇದರಿಂದ ಖರ್ಚು ತುಸು ಹೆಚ್ಚಬಹುದು, ಅದರಲ್ಲಿ ನಮ್ಮ ಪಾಲೂ ಇರಬಹುದು. ಆದರೆ ನಾವು ನಲವತ್ತು ವರ್ಷ ಬಾಳಿದ ಮನೆಯ ಗೋಡೆ ಇನ್ನೊಬ್ಬರ ಮನೆಗೆ ನೀರು ನುಗ್ಗಿಸಬಾರದು. ಮುಂದಿನ ಸಭೆಯಲ್ಲಿ ಚದರಡಿ, ಬಾಡಿಗೆಗಳ ಜೊತೆಗೆ ಆ ಮೂರನೆಯ ಪ್ರಶ್ನೆಯನ್ನೂ ಕೇಳೋಣ.