ಇಲಿಗಳ ಧಮನೀರೋಗಪ್ರವಣತೆ: ಒಂದು ವಿಮರ್ಶೆ

ಧಮನಿಯ ಒಳಗೋಡೆಯಲ್ಲಿ ಮೇದಸ್ಸು ಸಂಚಯವಾಗಿ ರಕ್ತಮಾರ್ಗವನ್ನು ಸಂಕುಚಿತಗೊಳಿಸುವ ರೋಗಕ್ಕೆ ಜನ್ಮವು ಕಾರಣವೋ ಆಹಾರವು ಕಾರಣವೋ ಎಂಬುದು ಚಿರಕಾಲದ ವಿವಾದ. ಪ್ರಯೋಗಶಾಲೆಯ ಇಲಿಗಳು ಈ ವಿಷಯದಲ್ಲಿ ನುಡಿಯುವ ಸಾಕ್ಷ್ಯವನ್ನು ಪರೀಕ್ಷಿಸುವುದು ಯುಕ್ತವಾಗಿದೆ.

ಬೆವರ್ಲಿ ಪೇಗನ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 1980ರ ದಶಕದಲ್ಲಿ ಬೇರೆ ಬೇರೆ ಶುದ್ಧಕುಲದ ಇಲಿಗಳಿಗೆ ಒಂದೇ ಬಗೆಯ ಕೊಬ್ಬಿನ ಆಹಾರವನ್ನಿತ್ತು ನೋಡಿದರು. ಸಿ57ಬಿಎಲ್/6 ಎಂಬ ಕುಲಕ್ಕೆ ರೋಗವು ತಗಲಿತು. ಸಿ3ಎಚ್ ಕುಲವು ಬಹುಮಟ್ಟಿಗೆ ಪಾರಾಯಿತು. ಅನ್ನವು ಸಮಾನ, ಫಲವು ಭಿನ್ನ; ಆದುದರಿಂದ ಭೇದದ ಕಾರಣವು ವಂಶದಲ್ಲಿರಬೇಕೆಂಬ ಅನುಮಾನವು ನಿರ್ದುಷ್ಟವೇ. 1987ರಲ್ಲಿ ಅವರು ಮೊದಲನೆಯ ವರ್ಣತಂತುವಿನಲ್ಲಿ ‘ಏಥ್-1’ ಎಂಬ ಸ್ಥಾನವನ್ನೂ ಗುರುತಿಸಿದರು. ಆದರೆ ಆ ಆಹಾರದಲ್ಲಿ ಕೋಲಿಕ್ ಆಮ್ಲವೆಂಬ ಪಿತ್ತಾಂಶವೂ ನೂರಕ್ಕೆ 0.5ರಷ್ಟು ಬೆರೆತಿತ್ತು. ಅದು ತಾನೇ ಯಕೃತ್ತಿನಲ್ಲಿ ಉರಿಯೂತವನ್ನು ಕೆರಳಿಸುವುದಾದ್ದರಿಂದ, ಫಲವು ಕೊಬ್ಬಿನದೋ ಆಮ್ಲದ್ದೋ ಎಂಬ ಸಂದೇಹವು ನಿಂತಿತು.

1992ರಲ್ಲಿ ಅಪೊ-ಇ ಎಂಬ ಪ್ರೋಟೀನಿನ ಜೀನನ್ನು ಕೆಡಿಸಿದ ಇಲಿಗಳು ಅಮೆರಿಕದಲ್ಲಿ ಸಿದ್ಧವಾದುವು. ಇವುಗಳಿಗೆ ಸಾಮಾನ್ಯಾಹಾರದಲ್ಲಿಯೇ ರಕ್ತದ ಕೊಲೆಸ್ಟರಾಲು ಏರಿ ರೋಗವುಂಟಾಯಿತು. ಹಾಗಾದರೆ ಕೊಲೆಸ್ಟರಾಲೊಂದೇ ಹೇತುವೆನ್ನಬಹುದೇ? ಅನ್ನಲಾಗದು. ಅದೇ ದೋಷವನ್ನು ಸಿ3ಎಚ್ ಕುಲಕ್ಕೆ ತಂದಾಗ ಕೊಲೆಸ್ಟರಾಲು ಹೇರಳವಾಗಿದ್ದರೂ ಧಮನಿಯ ವಿಕಾರವು ಅತ್ಯಲ್ಪವಾಗಿತ್ತು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ಮಾತಿಗೆ ಹಸಿಕಟ್ಟಿಗೆಯ ಸಂಯೋಗವು ಉಪಾಧಿಯೆಂದು ನೈಯಾಯಿಕರು ಹೇಳುವರು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಸಿ3ಎಚ್ ಇಲಿಯು ಇಲ್ಲಿ ಕಾದ ಕಬ್ಬಿಣ. 2005ರಲ್ಲಿ ಏಥ್-1ರ ಸ್ಥಾನದಲ್ಲಿ ರೋಗನಿರೋಧಕ ಕಣಗಳ ವ್ಯಾಪಾರಕ್ಕೆ ಸಂಬಂಧಿಸಿದ ಜೀನೊಂದನ್ನು ನಿರ್ದೇಶಿಸಿದುದು, ಉಪಾಧಿಯನ್ನು ಕೊಬ್ಬಿನ ಹೊರಗೂ ಹುಡುಕಬೇಕೆಂಬುದಕ್ಕೆ ಪೋಷಕವಾಗಿದೆ.

ಇಷ್ಟರಿಂದ ಜನ್ಮವೇ ವಿಧಿಯೆಂದು ನಿಶ್ಚಯಿಸುವವರು ಒಂದನ್ನು ಮರೆಯುತ್ತಾರೆ. ಅಪೊ-ಇ ದೋಷವಿಲ್ಲದ ಸಿ57ಬಿಎಲ್/6 ಇಲಿಯೂ ಸಾಮಾನ್ಯ ಆಹಾರದಲ್ಲಿ ಈ ರೋಗಕ್ಕೆ ಬಹುತೇಕ ಈಡಾಗದು. ಪ್ರವಣತೆಯೆಂಬುದು ರೋಗವಲ್ಲ, ರೋಗಕ್ಕೆ ತೆರೆದಿರುವ ಬಾಗಿಲು ಮಾತ್ರ.

ಮನುಷ್ಯನ ವಿಷಯದಲ್ಲಂತೂ ಎಚ್ಚರವು ಇಮ್ಮಡಿಯಾಗಬೇಕು. ಸಹಜ ಇಲಿಯ ರಕ್ತದಲ್ಲಿ ಕೊಲೆಸ್ಟರಾಲಿನ ಬಹುಭಾಗವು ಎಚ್‌ಡಿಎಲ್ ಕಣಗಳಲ್ಲಿರುವುದು, ಮನುಷ್ಯನಲ್ಲಿ ಎಲ್‌ಡಿಎಲ್ ಕಣಗಳಲ್ಲಿ. ಮನುಷ್ಯರಿಗೆ ಹೃದಯಾಘಾತವನ್ನು ತರುವ ಸಂಚಯದ ಒಡೆತವು ಇಲಿಗಳಲ್ಲಿ ವಿರಳ. ಆದುದರಿಂದ ಇಲಿಯು ಕಾರಣಗಳ ಜಾತಿಯನ್ನು ತೋರಿಸಬಲ್ಲುದು. ಅವುಗಳ ಬಲಾಬಲವನ್ನು ಮನುಷ್ಯನಲ್ಲಿಯೇ ಅಳೆಯತಕ್ಕದ್ದು. ಈ ವಿವೇಕವಿಲ್ಲದೆ ರೋಗಿಗೆ ವಂಶದೋಷವನ್ನು ಹೊರಿಸುವುದೂ ಆಹಾರದೋಷವನ್ನೇ ಹೊರಿಸುವುದೂ ಸಮಾನವಾದ ಅನ್ಯಾಯವು.